ಹುಟ್ಟದೆ ಹೋದವರ ಲೆಕ್ಕ

ಜೀವಕೋಶವು ತಾನು ಕಟ್ಟಿದ್ದನ್ನು ತಾನೇ ಏಕೆ ಕೆಡವುತ್ತದೆ ಎಂಬ ಒಂದೇ ಪ್ರಶ್ನೆಗೆ ಆಯುಷ್ಯವನ್ನು ಸವೆಸಿದವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ಭ್ರೂಣವಿಜ್ಞಾನದ ಮೇಷ್ಟ್ರು ಆ ವಿರಳರ ಸಾಲಿನಲ್ಲಿ ಮುಂದೆ ನಿಲ್ಲಬೇಕಾದವರು. ನಿಲ್ಲಿಸಿದರೆ ಹಿಂದಕ್ಕೆ ಸರಿಯುವವರು.

ಕೆಟ್ಟ ಕೋಶವನ್ನು ತಡೆದು, ಬೇಕಾದರೆ ಕೊಂದು, ಗಡ್ಡೆ ಬೆಳೆಯದಂತೆ ಕಾಯುವ ಪ್ರೋಟೀನೊಂದನ್ನು ಲೋಕವೆಲ್ಲ ಹೊಗಳುತ್ತಿದ್ದ ಕಾಲದಲ್ಲಿ ಮೇಷ್ಟ್ರು ಗರ್ಭದ ಕಡೆ ನೋಡಿದರು. ಅಲ್ಲಿ ಕೋಶಗಳು ಬಿಡುವಿಲ್ಲದೆ ಇಮ್ಮಡಿಯಾಗಬೇಕು. ಈ ಕಾವಲಿನವನು ಎದ್ದು ಕೂತರೆ ಭ್ರೂಣವೇ ಉಳಿಯದು. ಆದ್ದರಿಂದ ಇನ್ನೊಂದು ಪ್ರೋಟೀನು ಅವನಿಗೆ ಗುರುತು ಅಂಟಿಸುತ್ತದೆ, ಗುರುತು ಬಿದ್ದವನನ್ನು ಕೋಶ ಚೂರು ಮಾಡುತ್ತದೆ. ಈ ಎರಡನೆಯದನ್ನು ಮೇಷ್ಟ್ರು 'ಕಡಿವಾಣ' ಎನ್ನುತ್ತಿದ್ದರು. ಕಡಿವಾಣವಿಲ್ಲದ ಇಲಿಭ್ರೂಣಗಳು ಗರ್ಭಕ್ಕೆ ಅಂಟಿಕೊಳ್ಳುವ ಹೊತ್ತಿಗೇ ಸಾಯುತ್ತವೆ. ಕಾವಲಿನವನನ್ನೂ ತೆಗೆದರೆ ಬದುಕುತ್ತವೆ.

"ಕಾಯುವವನೇ ಕೊಂದ ಹಾಗಾಯ್ತಲ್ಲ ಸಾರ್," ಎಂದ ಶಿಷ್ಯನೊಬ್ಬನಿಗೆ ಅವರು, "ಅವನ ತಪ್ಪೇನಿಲ್ಲಪ್ಪ, ಹೊತ್ತಲ್ಲದ ಹೊತ್ತಲ್ಲಿ ಎಬ್ಬಿಸಿದ್ದಾರೆ," ಎಂದಿದ್ದರು.

ಮೆಟ್ಟಿಲ ಪಕ್ಕದಲ್ಲಿ ಅವರು ಇಲಿ ಸಾಕುತ್ತಿದ್ದ ಇಕ್ಕಟ್ಟಿನ ಕೋಣೆ, ಮರದ ಹೊಟ್ಟಿನ ವಾಸನೆ, ಒಂದೇ ಕಿಟಕಿ. ಅಲ್ಲಿ ಅವರದೊಂದು ಕಟ್ಟಳೆಯಿತ್ತು. ಮರಿಗಳನ್ನು ಎಣಿಸಿದರೆ ಸಾಲದು. ತಾಯಿ ಇಲಿಯ ಗರ್ಭಕೋಶವನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಭ್ರೂಣಗಳು ಕರಗಿಹೋದಲ್ಲಿ ಉಳಿದ ಕಪ್ಪು ಕಲೆಗಳನ್ನೂ ಹುಡುಕಬೇಕು. "ಬಂದವರನ್ನು ಯಾರು ಬೇಕಾದರೂ ಎಣಿಸ್ತಾರೆ. ಬರದೆ ಹೋದವರನ್ನು ವಿಚಾರಿಸ್ರಯ್ಯ."

ತಾಯಿ ತೀರಿದ ಮೇಲೆ ಮೇಷ್ಟ್ರನ್ನು ಎತ್ತಿ ಬೆಳೆಸಿದ್ದು ಅಕ್ಕ. ಆ ಅಕ್ಕನಿಗೇ ಗಡ್ಡೆ ಬಂತು. ಅದೇ ಕಾಲಕ್ಕೆ, ಕಡಿವಾಣ ಸಡಿಲಿಸಿ ಗಡ್ಡೆಯೊಳಗಿನ ಕಾವಲಿನವನನ್ನು ಎಬ್ಬಿಸುವ ಔಷಧಿಯೊಂದು ರೋಗಿಗಳ ಮೇಲಿನ ಪರೀಕ್ಷೆಗೆ ಸಿದ್ಧವಾಗಿತ್ತು. ಅಕ್ಕನ ಹೆಸರೂ ಅದರಲ್ಲಿತ್ತು. ಬೇರೆ ಮದ್ದು ಉಳಿದಿರಲಿಲ್ಲ. ಪರೀಕ್ಷೆ ಶುರುವಾಗಲು, ಔಷಧಿಯಿಂದ ಭ್ರೂಣಕ್ಕೆ ಅಪಾಯವಿಲ್ಲವೆಂಬ ವರದಿಯೊಂದು ಮೇಷ್ಟ್ರ ಕೋಣೆಯಿಂದ ಹೋಗಬೇಕಿತ್ತು. ಅದೇ ಶಿಷ್ಯ, ಅಕ್ಕನಿಗಾಗಿ ಅವಸರಪಟ್ಟು, ಹುಟ್ಟಿದ ಮರಿಗಳನ್ನಷ್ಟೇ ನೋಡಿ 'ಎಲ್ಲವೂ ಆರೋಗ್ಯ' ಎಂದು ಬರೆದಿದ್ದ. ಮೇಷ್ಟ್ರು ಔಷಧಿ ಕೊಟ್ಟಿದ್ದ ತಾಯಿ ಇಲಿಗಳ ಗರ್ಭಕೋಶವನ್ನು ಬೆಳಕಿಗೆ ಹಿಡಿದರು. ಉದ್ದಕ್ಕೂ ಕಪ್ಪು ಕಲೆಗಳು.

ಔಷಧಿ ಕಂಪನಿಯ ವೈದ್ಯರು ಮೆತ್ತಗೆ ಹೇಳಿದರು: "ನಿಮ್ಮಕ್ಕನ ವಯಸ್ಸಿಗೆ ಗರ್ಭದ ಮಾತೆಲ್ಲಿ ಬಂತು ಸಾರ್? ಒಂದು ಸಹಿ ಹಾಕಿ, ಬರೋ ವಾರವೇ ಅವರಿಗೆ ಶುರು ಮಾಡೋಣ."

"ಔಷಧಿ ನಮ್ಮಕ್ಕನಿಗೆ ಮಾತ್ರ ಅಲ್ಲವಲ್ಲ."

ಸಹಿ ಬೀಳಲಿಲ್ಲ, ಪರೀಕ್ಷೆ ನಿಂತಿತು. ಮನೆಯಲ್ಲಿ ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದರು.

"ಹಾಕಿದೆಯೇನೋ?"

"ಇಲ್ಲಕ್ಕ."

"ಗೊತ್ತಿತ್ತು ಬಿಡು. ಚಿಕ್ಕವನಿದ್ದಾಗ ಸುಳ್ಳು ಹೇಳಿ ಬಾ ಅಂತ ಕಳಿಸಿದರೆ ಬಾಗಿಲಲ್ಲೇ ಅತ್ತುಬಿಡ್ತಿದ್ದೆ." ಇನ್ನೊಂದು ಬಟ್ಟೆ ಎತ್ತಿಕೊಂಡರು. "ಕೈ ತೊಳಿ. ಊಟ ಆರ್ತಿದೆ."

ಗರ್ಭಿಣಿಯರಿಗೆ ಕೊಡಕೂಡದೆಂಬ ಎಚ್ಚರಿಕೆಯೊಂದಿಗೆ ಪರೀಕ್ಷೆ ಮತ್ತೆ ಆರಂಭವಾಗುವಾಗ ಅಕ್ಕ ಇರಲಿಲ್ಲ. ಔಷಧಿ ಅವರನ್ನು ಉಳಿಸುತ್ತಿತ್ತೋ ಇಲ್ಲವೋ, ಯಾರಿಗೂ ತಿಳಿಯದು. ಆ ತಿಳಿಯದಿರುವಿಕೆಯನ್ನು ಮೇಷ್ಟ್ರು ಯಾರ ಹೆಗಲಿಗೂ ದಾಟಿಸಲಿಲ್ಲ. ಮನೆಗೆ ಬಂದು ಹೊಸ್ತಿಲಲ್ಲೇ ನಿಂತ ಶಿಷ್ಯನನ್ನು ಕೈಹಿಡಿದು ಒಳಗೆ ಕರೆದು, ಅಕ್ಕ ಕೂರುತ್ತಿದ್ದ ಕುರ್ಚಿಯಲ್ಲೇ ಕೂರಿಸಿದರು. ಇಂದು ಇಲಿಗಳ ಆ ಕೋಣೆಯ ಹೊಣೆ ಅವನದು.

ಕಿಟಕಿಯ ಬಳಿಯ ಮೇಜನ್ನು ಅವನು ತೆಗೆಸಿಲ್ಲ. ಮೇಷ್ಟ್ರು ಬರುತ್ತಲೇ ಇರಲಿ, ಬೆಳಕಿಗೆ ಹಿಡಿದು ನೋಡುತ್ತಲೇ ಇರಲಿ. ಅಕ್ಕನ ಪಾಲಿನ ವರ್ಷಗಳೂ ಅವರಿಗೇ ಸೇರಲಿ ಎಂದು ಭಗವಂತನನ್ನು ಬೇಡಲು ನಮಗೆ ಮನಸ್ಸಾಗುತ್ತದೆ. ಆದರೆ ಆ ಲೆಕ್ಕಕ್ಕೆ ಅವರು ಸಹಿ ಹಾಕುವವರಲ್ಲ. ಅವರದೇ ಆಯುಷ್ಯ ಅವರಿಗೆ ತುಂಬಿ ಬರಲಿ.