ಜಟ್ಟಿ ಗೌಡನ ಸಾವಿರ ಮರ

ಮೇಲಿನಕೊಪ್ಪದ ಜಟ್ಟಿ ಗೌಡನ ಮೂಗಿಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಹಳ್ಳದ ಮೂರನೇ ತಿರುವಿನಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಇವನು ಅಂಗಳದಲ್ಲಿ ಕೂತೇ ಮೂಗರಳಿಸಿ, ಸೇದುತ್ತಿರುವವನು ಯಾರು, ಬೀಡಿಯನ್ನು ಕೊಂಡನೋ ಬೇಡಿದನೋ ಎಂಬುದರವರೆಗೆ ಹೇಳುತ್ತಿದ್ದ.

ಕರ್ಕಿಯಿಂದ ಮೂಡಲಿಗೆ ಎರಡು ಗುಡ್ಡ ದಾಟಿದರೆ ಸಿಗುವ ಕೊಪ್ಪ ಅದು. ಹಾಲಕ್ಕಿ ಒಕ್ಕಲಿಗರ ಹದಿನಾಲ್ಕು ಮನೆ. ಮನೆಗಳ ಬೆನ್ನಿಗೆ ಹಳ್ಳ. ನೀರು ಎಷ್ಟು ತಂಪೆಂದರೆ ವೈಶಾಖದಲ್ಲಿ ಇಳಿದ ಎಮ್ಮೆ ಮೂರು ದಿನ ಸೀನುತ್ತಿತ್ತು, ಕರೆದರೆ ಹಾಲು ತಣ್ಣಗೇ ಬರುತ್ತಿತ್ತು. ಎರಡೂ ದಡಕ್ಕೆ ರಾಮಪತ್ರೆ ಮರಗಳು, ಮಂಡಿ ಮಡಚಿದಂಥ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಒತ್ತೊತ್ತಾಗಿ ನಿಂತಿದ್ದವು. ಮೇಲೆ ಸಿಂಗಳೀಕ, ಕೆಳಗೆ ನೀರುನಾಯಿ. ಆ ಮರಗಳು ಹಿಡಿದಿಟ್ಟ ನೀರು ಮುಂದಿನ ಮಳೆಗಾಲದ ತನಕ ಹರಿಯುತ್ತಿತ್ತು. ಅದರಲ್ಲೇ ಕೊಪ್ಪದ ಹೆಂಗಸರು ಹರಿವೆ, ಬದನೆ, ಬಸಳೆ ಬೆಳೆದು ಹೊನ್ನಾವರಕ್ಕೆ ಹೊರುತ್ತಿದ್ದರು. ಹಳ್ಳ ಬತ್ತಿದರೆ ಹದಿನಾಲ್ಕು ಮನೆಯವರೂ ಚಾಪೆ ಸುತ್ತಿಕೊಂಡು ಕೂಲಿಗೆ ಹೊರಡಬೇಕು. ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಅದಕ್ಕೇ ಅಜ್ಜಂದಿರ ಕಾಲದಿಂದ ಕಟ್ಟಳೆ. ಬೇರು ನೀರು ಮುಟ್ಟಿದ ಮರಕ್ಕೆ ಕತ್ತಿ ಮುಟ್ಟಿಸಬಾರದು. ಶಿವರಾತ್ರಿ ಕಳೆದ ಮೇಲೆ ಮಳೆ ಬೀಳುವ ತನಕ ಮೀನು ಹಿಡಿಯಬಾರದು. ಕಾವಲಿಗೆ ಒಂದು ಬೈನೆ ಮರದ ಕೋಲು. ಕೋಲು ಯಾರ ಬಾಗಿಲಿಗೆ ಒರಗಿದೆಯೋ ಅವರು ಮರುದಿನ ಹಳ್ಳದ ಮೇಲಿನಿಂದ ಕೆಳಗಿನ ತನಕ ನಡೆದು ನೋಡಿ, ಸಂಜೆ ಅದನ್ನು ಪಕ್ಕದ ಮನೆಯ ಬಾಗಿಲಿಗೆ ಒರಗಿಸಬೇಕು. ಜಟ್ಟಿಗೆ ಹದಿನಾಲ್ಕು ದಿನಕ್ಕೊಮ್ಮೆ ಪಾಳಿ. ಆದರೆ ಉಳಿದ ಹದಿಮೂರು ದಿನ ಅವನು ಪಾಳಿಯವನ ಹಿಂದೆ ನಡೆದು, ಅವನು ಸರಿಯಾಗಿ ನೋಡುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದ.

ಒಮ್ಮೆ ಅವನ ಹೆಂಡತಿ ಬಂಗಾರಿ ಕರುವಿಗೆಂದು ಹಸಿ ಟೊಂಗೆಯೊಂದನ್ನು ಮುರಿದಳು. ಜಟ್ಟಿ ತಾನೇ ಕೊಪ್ಪದ ಮುಂದೆ ದೂರು ಹೇಳಿ, ತಪ್ಪಿಗೆ ಅವಳಿಂದ ನೂರು ಕೊಡ ನೀರು ಹೊರಿಸಿ ಊರಿನ ಸಸಿಗಳಿಗೆ ಹಾಕಿಸಿದ. ಐವತ್ತನೇ ಕೊಡ ಇಳಿಸಿದಾಗ ಬಂಗಾರಿ, "ನೀ ಮುಂದಿನ ಜನ್ಮಕಾರೂ ಈ ಹಳ್ಳನೇ ಮದ್ವೆಯಾಗು. ಸೊಪ್ಪು ಮುರೂದಿಲ್ಲ, ಮಾತೂ ಆಡೂದಿಲ್ಲ" ಎಂದಳು. "ಮಾತಾಡ್ತದೆ, ನಿನ್ನಷ್ಟಿಲ್ಲ" ಎಂದ ಜಟ್ಟಿ. ಉಳಿದ ಐವತ್ತು ಕೊಡವನ್ನು ಆ ಮಾತಿನ ತಪ್ಪಿಗೆ ಅವನೇ ಹೊತ್ತ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಪೇಟೆಯ ಕಡೆಯವನೊಬ್ಬ ಸೊಳ್ಳೆಗೆ ಹೊಡೆಯುವ ಪುಡಿಯನ್ನು ಎಲ್ಲಿಂದಲೋ ತಂದು ಮೇಲಿನ ಗುಂಡಿಗೆ ಸುರಿದ. ಮೀನು ಹೊಟ್ಟೆ ಮೇಲಾಗಿ ತೇಲಿದವು. ಆ ಮೀನು ತಿಂದ ನೀರುನಾಯಿ ಎರಡು ಮರಿಗಳ ಜೊತೆ ದಡದಲ್ಲಿ ಸತ್ತು ಬಿದ್ದಿತ್ತು. ಮೀನು ತುಂಬಿಕೊಳ್ಳುತ್ತಿದ್ದ ಆ ಮನುಷ್ಯನ ಚೀಲಕ್ಕೆ ಜಟ್ಟಿ ಕೈ ಹಾಕಿದ.

"ಇದು ನಿನ್ನ ಅಪ್ಪನ ಹಳ್ಳವೋ?" ಎಂದ ಅವನು.

"ಅಪ್ಪಂದಲ್ಲ, ಅಜ್ಜಂದು."

"ಕಾಗದ ಉಂಟೋ?"

ಜಟ್ಟಿಯ ಬಳಿ ಕೋಲಿತ್ತು, ಕಾಗದ ಇರಲಿಲ್ಲ. ಮುಂಬಯಿ ಸರ್ಕಾರದ ಕಾಲದ ನಕ್ಷೆಯಲ್ಲಿ ಆ ಜಾಗ ಬರೀ ಬಿಳಿ. ಅಳೆಯಲು ಬಂದವನಿಗೆ ಅಲ್ಲಿನ ಜಿಗಣೆಗಳು ಎಷ್ಟು ಹತ್ತಿದವೆಂದರೆ, ಹಿಂದಿರುಗಿ ಹೋದಾಗ ಅವನ ಹೆಂಡತಿ ಯಾರೋ ಬಡಕಲು ಬೈರಾಗಿ ಬಂದನೆಂದು ಅಕ್ಕಿ ಹಾಕಿದ್ದಳಂತೆ. ಹೀಗಾಗಿ ಹಳ್ಳವೊಂದಿದೆ ಎಂಬುದೇ ಮೇಲಿನವರಿಗೆ ಗೊತ್ತಿರಲಿಲ್ಲ. ಈಗ ಜಿಲ್ಲೆ ಮೈಸೂರಿಗೆ ಸೇರಿತ್ತು. ಹೊಸ ಸರ್ಕಾರ, ಕನ್ನಡದ ಸರ್ಕಾರ. ಕೇಳಿದರೆ ಕಾಗದ ಕೊಟ್ಟೀತು ಎಂದುಕೊಂಡ ಜಟ್ಟಿ, ಕೆಳಗಿನ ತೋಟದ ಮಾದೇವ ಹೆಗಡೆಯವರ ಜಗಲಿಗೆ ಹೋದ. ಹೆಗಡೆಯವರು ಅರ್ಜಿ ಬರೆಯುವುದರಲ್ಲಿ ಪಳಗಿದವರು. ಹಳ್ಳ ದಾಟುವ ಕಾಲುಸಂಕಕ್ಕಾಗಿ ಅವರು ಬರೆದ ಅರ್ಜಿ ಓದಿ ಗುಮಾಸ್ತನೊಬ್ಬ ಗಳಗಳನೆ ಅತ್ತಿದ್ದ. ಸಂಕ ಮಾತ್ರ ಆಗಿರಲಿಲ್ಲ.

"ಬರೀ ಹಳ್ಳ, ಮರ ಅಂದ್ರೆ ಆಗ್ತದಾ ಮಾರಾಯ? ಎಷ್ಟು ಮರ, ಎಷ್ಟು ದಪ್ಪ, ಲೆಕ್ಕ ಬೇಕು" ಎಂದರು ಹೆಗಡೆ.

ಹದಿನಾಲ್ಕು ಮನೆಯವರೂ ಕತ್ತದ ಹಗ್ಗ ಹಿಡಿದು ಕೆಸರಿಗಿಳಿದರು. ಮರಕ್ಕೊಂದು ಹುಣಸೆ ಬೀಜ ಬುಟ್ಟಿಗೆ. ದಪ್ಪಕ್ಕೆ ತಕ್ಕಂತೆ ಹಗ್ಗಕ್ಕೆ ಗಂಟು. ನಾಲ್ಕು ದಿನದ ಮೇಲೆ ಹೆಗಡೆಯವರ ಜಗಲಿಯಲ್ಲಿ ಬೀಜ ಸುರಿದು ಎಣಿಸಿದರೆ ಆರುನೂರ ಹನ್ನೆರಡು. ಜಟ್ಟಿಯ ಮುಖ ಸಣ್ಣದಾಯಿತು. ಹುಟ್ಟಿದಾಗಿನಿಂದ ಕಾಯ್ದದ್ದು ಇಷ್ಟೇಯಾ?

"ಸಾವ್ರ ಅಂತ ಬರೀರಿ ಒಡೆಯಾ."

"ಸುಳ್ಳಾಗ್ತದಲ್ಲೋ."

"ಸುಳ್ಳೆಂತದು? ದೊಡ್ಡ ಸಾಯೇಬ್ರಿಗೆ ಆರ್ನೂರು ಕಣ್ಣಿಗೆ ಕಾಂಬೂದಿಲ್ಲ. ಸಾವ್ರ ಅಂದ್ರೆ, ಓಹೋ, ಇವ್ರು ಕಾಯೂ ಜನ ಅಂತ ಕಾಗದ ಕೊಡ್ತ್ರು."

ಹೆಗಡೆಯವರಿಗೂ ಸಾವಿರ ಎಂಬುದು ಬರೆಯಲು ಚಂದ ಕಂಡಿತು. ಎಂಟು ಗಂಡಸರು ಕೈ ಚಾಚಿದರೂ ಅಪ್ಪಲಾಗದ, ಗಂಟಿಲ್ಲದ, ನೆಟ್ಟನೆಯ ಒಂದು ಸಾವಿರ ವೃಕ್ಷಗಳು ಎಂದು ಬರೆದು ಮುಗಿಸಿದರು. ಜಟ್ಟಿ ಹೆಬ್ಬೆಟ್ಟು ಒತ್ತಿದ.

ಮೂರು ವರ್ಷ ಉತ್ತರವಿಲ್ಲ. ಆಮೇಲೆ ಒಂದು ದಿನ ಅರಣ್ಯ ಇಲಾಖೆಯ ನಾಲ್ವರು ಗಾರ್ಡುಗಳು ಸುತ್ತಿಗೆ ಹಿಡಿದು ಬಂದು, ಮರದ ತೊಗಟೆ ಸೀಳಿ ನಂಬರು ಹೊಡೆಯತೊಡಗಿದರು. ಕೊಪ್ಪಕ್ಕೆ ಹಬ್ಬವಾಯಿತು. ಸರ್ಕಾರ ಮರಮರಕ್ಕೂ ಹೆಸರು ಬರೆದುಕೊಳ್ಳುತ್ತಿದೆ, ಇನ್ನು ಯಾರು ಮುಟ್ಟುತ್ತಾರೆ! ಬಂಗಾರಿ ನಂಬರುಗಳಿಗೆ ಕುಂಕುಮ ಹಚ್ಚಿದಳು. ಗಾರ್ಡುಗಳಿಗೆ ಎಳನೀರು, ಕೋಳಿ ಸಾರು. ಅವರ ಕಣ್ಣು ತಪ್ಪಿದ ಮರಗಳನ್ನು ಜಟ್ಟಿಯೇ ಕೈ ಹಿಡಿದು ಕರೆದೊಯ್ದು ತೋರಿಸಿದ: "ಇದೊಂದು ಬಿಟ್ಟೋತು, ಸಾಯೇಬ್ರೆ." ಮುನ್ನೂರು ಹೊಡೆಯುವಷ್ಟರಲ್ಲಿ ಜಿಗಣೆಗಳು ತಮ್ಮ ಕೆಲಸ ಮಾಡಿದ್ದವು. ಗಾರ್ಡುಗಳು ಉಳಿದದ್ದನ್ನು ಅರ್ಜಿ ನೋಡಿಯೇ ಬರೆದುಕೊಂಡು ಇಳಿದು ಹೋದರು.

ಮುಂದಿನ ಮಳೆಗಾಲ ಮುಗಿಯುತ್ತಲೇ ಗುತ್ತಿಗೆದಾರನ ಲಾರಿ ಬಂತು. ಜಟ್ಟಿ ಕೋಲು ಅಡ್ಡ ಹಿಡಿದು ದಾರಿಯಲ್ಲಿ ನಿಂತ. ಗುತ್ತಿಗೆದಾರ ಸಿಟ್ಟಾಗಲಿಲ್ಲ, ಕಿಸೆಯಿಂದ ಹರಾಜಿನ ಕಾಗದ ತೆಗೆದು, ಕೆಳಗೆ ಅಂಟಿಸಿದ್ದ ಅರ್ಜಿಯ ನಕಲು ತೋರಿಸಿದ.

"ನೋಡು ಗೌಡ, ಸಾವಿರ ಮರ. ಹೆಬ್ಬೆಟ್ಟು ನಿಂದೇ ಅಲ್ವಾ?"

ಕೋಲು ತಾನಾಗಿ ಕೆಳಗಿಳಿಯಿತು. ಆ ಚಳಿಗಾಲದಲ್ಲಿ ಗರಗಸದ ಹೊಟ್ಟು ಎಷ್ಟು ಹಾರಿತೆಂದರೆ ಕೊಪ್ಪದ ಕಾಗೆಗಳು ಬೆಳ್ಳಕ್ಕಿಗಳಾದವು. ಸಿಂಗಳೀಕಗಳು ಕೊನೆಯ ಮರದಲ್ಲಿ ಒಂದರ ಮೇಲೊಂದು ಕೂತು, ಅದೂ ಉರುಳಿದ ಮೇಲೆ ಎತ್ತ ಹೋದವೋ. ಶಿವರಾತ್ರಿಗೆ ಹಳ್ಳದಲ್ಲಿ ಎಮ್ಮೆಯ ಗೊರಸು ಮುಳುಗುವಷ್ಟು ನೀರೂ ಉಳಿಯಲಿಲ್ಲ. ಬಂಗಾರಿಯ ಹರಿವೆ ನಿಂತಲ್ಲೇ ಸುಟ್ಟಿತು. ಐದು ಮನೆಯವರು ಚಾಪೆ ಸುತ್ತಿಕೊಂಡು ಹೊರಟರು.

ಆಗ ಕೊಪ್ಪಕ್ಕೆ ಕಾಗದ ಬಂತು. ಕೊಪ್ಪದ ಹೆಸರು, ಹಳ್ಳದ ಹೆಸರು, ಜಟ್ಟಿಯ ಹೆಸರು, ಅಪ್ಪನ ಹೆಸರು ಎಲ್ಲ ಇದ್ದ, ಮೊಹರು ಬಿದ್ದ ಕಾಗದ. ಹೆಗಡೆಯವರು ಓದಿದರು. ಸಾವಿರ ಮರದಲ್ಲಿ ಗುತ್ತಿಗೆದಾರನಿಗೆ ಸಿಕ್ಕಿದ್ದು ಆರುನೂರ ಹನ್ನೆರಡು. ಉಳಿದ ಮುನ್ನೂರ ಎಂಬತ್ತೆಂಟನ್ನು ಕದ್ದ ಆರೋಪಕ್ಕೆ ಜಟ್ಟಿ ಗೌಡ ಕೋರ್ಟಿಗೆ ಹಾಜರಾಗಬೇಕು.

"ಆ ಮರ ಬಾಯಲ್ಲಿ ಇದ್ದಿದ್ದು ಒಡೆಯಾ. ಬಾಯಲ್ಲಿದ್ದಿದ್ದ ಹೆಂಗೆ ಕದೂದು?"

ಹೊನ್ನಾವರದ ವಕೀಲರು ಉಪಾಯ ಹೇಳಿದರು. ಕಡಿದ ಮರಕ್ಕೆ ಬೊಡ್ಡೆ ಇದ್ದೇ ಇರುತ್ತದೆ. ಬೊಡ್ಡೆ ಆರುನೂರ ಹನ್ನೆರಡೇ ಎಂದು ಕೋರ್ಟಿನವರು ಬಂದು ಎಣಿಸಿದರೆ ಕೇಸು ಬಿದ್ದುಹೋಗುತ್ತದೆ. ಅಲ್ಲಿಯ ತನಕ ಒಂದೂ ಅಲುಗಬಾರದು. ಒಂದು ಕಿತ್ತು ಗುಂಡಿ ಬಿದ್ದರೆ, ಉಳಿದದ್ದನ್ನೂ ಹೀಗೇ ಬೇರುಸಹಿತ ನುಂಗಿದ್ದಾರೆ ಎನ್ನುತ್ತಾರೆ. ಅಷ್ಟರಲ್ಲಿ ಹೊನ್ನಾವರದ ಪಕ್ಕದ ಕಾಸರಕೋಡಿನ ಸುಣ್ಣದ ಗೂಡುಗಳಿಗೆ ಸೌದೆ ಒದಗಿಸುವವರು ಬೊಡ್ಡೆಗಳ ಮೇಲೆ ಕಣ್ಣಿಟ್ಟು ಆಗಲೇ ಓಡಾಡುತ್ತಿದ್ದರು.

ಸಂಜೆ ಜಟ್ಟಿ ಬೈನೆ ಕೋಲನ್ನು ಪಕ್ಕದ ಮನೆಯ ಮಂಜನ ಬಾಗಿಲಿಗೆ ಒರಗಿಸಿದ.

"ಎಂತ ಕಾಯೂಕೆ ಮಾವ? ನೀರಿಲ್ಲ, ಮೀನಿಲ್ಲ" ಎಂದ ಮಂಜ.

"ಬೊಡ್ಡೆ."

ಮಂಜ ನಗಲು ಹೋದವನು ನಗಲಿಲ್ಲ. ಒಂಬತ್ತು ಮನೆಗಳ ನಡುವೆ ಕೋಲು ಮತ್ತೆ ತಿರುಗತೊಡಗಿತು. ಕೋರ್ಟಿನವರು ಈ ತಿಂಗಳು ಬರುತ್ತಾರೆ, ಮುಂದಿನ ತಿಂಗಳು ಬರುತ್ತಾರೆ ಎನ್ನುತ್ತ ಮೂರು ವರ್ಷವಾಯಿತು.

ಅರವತ್ತಾರರ ಮಳೆಗಾಲ ಮುಗಿದ ಮೇಲೆ ಜಟ್ಟಿಯ ಪಾಳಿಯ ದಿನ. ಮೂರನೇ ತಿರುವಿನಲ್ಲಿ ಬೊಡ್ಡೆಯೊಂದರ ಪಕ್ಕದಿಂದ ಗೇಣುದ್ದದ ಚಿಗುರು ಎದ್ದಿತ್ತು. ಎರಡು ಎಲೆ, ಎಣ್ಣೆ ಸವರಿದಂತೆ. ಜಟ್ಟಿ ಕುಕ್ಕರಗಾಲಿನಲ್ಲಿ ಕೂತ. ಚಿಗುರಿದ್ದನ್ನು ಎಣಿಸುವವನು ಬೊಡ್ಡೆ ಎನ್ನುತ್ತಾನೋ, ಮರ ಎನ್ನುತ್ತಾನೋ? ಮರ ಎಂದು ಬರೆದರೆ ಬೊಡ್ಡೆಯ ಲೆಕ್ಕಕ್ಕೆ ಒಂದು ಕಡಿಮೆ. ಬೇರನ್ನು ನೋಡಿದ. ಅದು ನೀರು ಮುಟ್ಟಿರಲಿಲ್ಲ. ಮುಟ್ಟಲು ನೀರೇ ಇರಲಿಲ್ಲ. ಕತ್ತಿಯನ್ನೂ ಅವನು ತಂದಿರಲಿಲ್ಲ. ಉಗುರಿನಿಂದಲೇ ಚಿವುಟಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಬೊಡ್ಡೆ ನೋಡಲು ಎದ್ದ.