ಮಾವನವರು ಹೊಗಳುತ್ತಿದ್ದ ಸಮುದ್ರದ ಹೋಟೆಲು

ಆ ವರ್ಷ ಮಳೆಗಾಲವಿಡೀ ನನಗೆ ಜ್ವರ. ಮೂರನೆಯ ಹೆರಿಗೆಯ ನಂತರ ಆಪರೇಷನ್ ಆಗಿತ್ತು. ಅದಾಗಿ ವರ್ಷ ಕಳೆದರೂ ಮೈ ಮೊದಲಿನಂತೆ ಆಗಲೇ ಇಲ್ಲ. ಬೆಳಿಗ್ಗೆ ಎದ್ದು ಒಲೆ ಹಚ್ಚುವಷ್ಟರಲ್ಲಿ ಕಾಲು ಸೋಲುತ್ತಿತ್ತು. ಮಧ್ಯಾಹ್ನ ಆಳುಗಳಿಗೆ ಮುದ್ದೆ ಕಟ್ಟುವಾಗ ಕಣ್ಣಿಗೆ ಕತ್ತಲು ಬರುತ್ತಿತ್ತು. ತಿಪಟೂರಿನ ಡಾಕ್ಟರು ಬಾಟಲಿಗಟ್ಟಲೆ ಟಾನಿಕ್ಕು ಕೊಟ್ಟು ನೋಡಿದರು. ಕೊನೆಗೆ ನನ್ನ ಯಜಮಾನರನ್ನು ಕರೆದು, ಈಕೆಗೆ ಹವಾ ಬದಲಾಗಬೇಕು, ಎಲ್ಲಾದರೂ ಕರೆದುಕೊಂಡು ಹೋಗಿ, ಅಲ್ಲಿ ಕೆಲಸ ಮಾಡಲು ಬಿಡಬೇಡಿ ಎಂದು ಹೇಳಿದರು.

ನಮ್ಮದು ಬಿಳಿಗೆರೆ ಕಡೆಯ ತೋಟದ ಮನೆ, ತಿಪಟೂರಿನಲ್ಲಿ ಒಂದು ಕೊಬ್ಬರಿ ಮಂಡಿ. ಹವಾ ಬದಲಾಯಿಸಲು ಊರು ಬಿಟ್ಟು ಹೋದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ. ಆದರೂ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಸಮುದ್ರದ ಹೋಟೆಲಿಗೆ ಹೋಗೋಣ ಅಂದರು ಯಜಮಾನರು.

ಆ ಹೋಟೆಲಿನ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತೀರಿಹೋದ ನನ್ನ ಮಾವನವರು ಒಂದು ಕಾಲದಲ್ಲಿ ಕೊಬ್ಬರಿ ಲಾರಿಯ ಜೊತೆ ಕರಾವಳಿಯ ಒಂದು ಸಣ್ಣ ಬಂದರಿಗೆ ಹೋಗುತ್ತಿದ್ದರಂತೆ. ಅಲ್ಲಿಂದ ಸರಕು ಹಡಗಿನಲ್ಲಿ ಬೊಂಬಾಯಿಗೆ ಹೋಗುತ್ತಿತ್ತು. ಹಡಗು ಬರುವವರೆಗೆ ಅವರು ಇಳಿದುಕೊಳ್ಳುತ್ತಿದ್ದದ್ದು ಆ ಹೋಟೆಲಿನಲ್ಲಿ. ನಾನು ಸೊಸೆಯಾಗಿ ಬಂದ ಮೇಲೆ ಅವರು ಬದುಕಿದ್ದದ್ದು ಕೆಲವೇ ವರ್ಷ. ಅಷ್ಟರಲ್ಲೇ ಆ ಕಥೆಯನ್ನು ಅದೆಷ್ಟು ಸಲ ಕೇಳಿದ್ದೆನೋ. ಜಗಲಿಯಲ್ಲಿ ಕೂತರೆ ಸಮುದ್ರ ಕಾಲ ಹತ್ತಿರ ಬಂದಹಾಗೆ ಇರುತ್ತಿತ್ತಂತೆ. ಗಾಳಿಗೆ ಬೀಸಣಿಗೆ ಬೇಡವಂತೆ. ಅಂಥ ಅರಮನೆ ಮೈಸೂರಿನಲ್ಲೂ ಇಲ್ಲವಂತೆ. ಅತ್ತೆಯವರನ್ನು ಒಂದು ಸಲ ಕರೆದುಕೊಂಡು ಹೋಗುತ್ತೇನೆ ಎಂದು ಪ್ರತಿ ವರ್ಷ ಹೇಳುತ್ತಿದ್ದರಂತೆ. ಕರೆದುಕೊಂಡು ಹೋಗಲಿಲ್ಲ.

ಹಾಗಾಗಿ ಅತ್ತೆಯವರೂ ಹೊರಟರು. ನನ್ನನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂಬುದು ಅವರು ಕೊಟ್ಟ ಕಾರಣ. ಆದರೆ ಹೊರಡುವ ಹಿಂದಿನ ದಿನ ಪೆಟ್ಟಿಗೆ ತೆಗೆದು, ಎಂದೂ ಉಡದ ಒಂದು ಇಳಕಲ್ ಸೀರೆಯನ್ನು ಬಿಸಿಲಿಗೆ ಹಾಕಿದ್ದನ್ನು ನಾನು ನೋಡಿದೆ. ಮಕ್ಕಳನ್ನು ದಬ್ಬೇಘಟ್ಟದಲ್ಲಿದ್ದ ನನ್ನ ತಾಯಿಯ ಮನೆಯಲ್ಲಿ ಬಿಟ್ಟೆವು.

ದೀಪಾವಳಿ ಕಳೆದ ಮೇಲೆ ಹೊರಟೆವು. ಹಾಸನದಲ್ಲಿ ಬಸ್ಸು ಬದಲಾಯಿಸಿ ಘಾಟಿ ಇಳಿಯುವಾಗ ನನಗೆ ಒಂದೇ ಸಮನೆ ವಾಂತಿ. ಅತ್ತೆಯವರು ನಿಂಬೆಹಣ್ಣು ಮೂಸಿಸುತ್ತಾ, ಬೆನ್ನು ನೀವುತ್ತಾ ಕೂತಿದ್ದರು. ಮಂಗಳೂರಿನಲ್ಲಿ ಒಂದು ರಾತ್ರಿ ಕಳೆದು, ಮಾರನೆಯ ದಿನ ಬಸ್ಸಿನಲ್ಲಿ ಉತ್ತರಕ್ಕೆ ಹೋಗಿ, ನಡುವೆ ದೋಣಿಯಲ್ಲಿ ಒಂದು ಹೊಳೆ ದಾಟಿ ಆ ಊರು ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹೋಟೆಲಿನ ಹೆಸರು ಹೇಳಿದರೆ ಬಸ್‌ಸ್ಟ್ಯಾಂಡಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿ ಈಗ ಯಾರೂ ಇಳಿಯುವುದಿಲ್ಲವಲ್ಲ ಎಂದ ಒಬ್ಬ. ಯಜಮಾನರು ಕೇಳಿಸದವರ ಹಾಗೆ ಟ್ರಂಕು ಎತ್ತಿಕೊಂಡು ಮುಂದೆ ನಡೆದರು.

ಅದು ಹಂಚಿನ ಮಾಳಿಗೆಯ ಉದ್ದನೆಯ ಕಟ್ಟಡ. ಸುಣ್ಣ ಉದುರಿ ಕೆಂಪು ಕಲ್ಲು ಕಾಣುತ್ತಿತ್ತು. ಬೋರ್ಡಿನ ಅಕ್ಷರಗಳಲ್ಲಿ ಅರ್ಧ ಅಳಿಸಿಹೋಗಿದ್ದವು. ಎದುರಿಗೆ ಸಮುದ್ರ ಇರಬೇಕಾದ ಕಡೆ ಮೀನು ಒಣಗಿಸುವ ಚಪ್ಪರಗಳು, ಅದರಾಚೆ ತೆಂಗಿನ ಮರಗಳು. ಸಮುದ್ರದ ಸದ್ದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಅತ್ತೆಯವರು ಅಂಗಳದಲ್ಲೇ ನಿಂತು ಒಂದು ಸುತ್ತು ನೋಡಿದರು.

"ಇಷ್ಟು ದೂರ ಬಂದು ನೋಡಾಕೆ ಸಿಕ್ಕಿದ್ದು ತೆಂಗಿನಮರಾನೇನಪ್ಪ?" ಎಂದರು ಮಗನಿಗೆ.

"ಮಹಡಿ ಮೇಲಿಂದ ಕಾಣ್ತದೆ ಬನ್ನಿ ಅಮ್ಮ," ಎಂದರು ಯಜಮಾನರು.

ಮಹಡಿಯ ಮೇಲಿಂದಲೂ ಕಾಣಲಿಲ್ಲ. ಕೋಣೆಯ ಕಿಟಕಿ ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಯಜಮಾನರು ಎರಡೂ ಕೈ ಹಾಕಿ ಜಗ್ಗಿದಾಗ ಒಂದು ಬಾಗಿಲು ಕೀಲು ಸಮೇತ ಕಿತ್ತು ಅವರ ಕೈಗೇ ಬಂತು. ಅದನ್ನು ಹಿಡಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ಮೆಲ್ಲಗೆ ಗೋಡೆಗೆ ಒರಗಿಸಿದರು. ತೆರೆದ ಕಿಟಕಿಯಿಂದ ಒಣಮೀನಿನ ವಾಸನೆ ಒಳಗೆ ನುಗ್ಗಿತು. ಇನ್ನು ಅದನ್ನು ಮುಚ್ಚುವ ಹಾಗಿರಲಿಲ್ಲ. ಹಾಸಿಗೆಯ ಮೇಲೆ ಕೈಯಿಟ್ಟರೆ ಒಗೆದು ಹಿಂಡಿಟ್ಟ ಬಟ್ಟೆಯ ಹಾಗೆ ತಣ್ಣಗಿತ್ತು. ನನಗೆ ಅಳು ಬಂತು. ಅಳುವುದಕ್ಕೂ ತ್ರಾಣವಿಲ್ಲದೆ ಅದೇ ಹಾಸಿಗೆಯ ಮೇಲೆ ಮಲಗಿದೆ.

ಹೋಟೆಲನ್ನು ನಡೆಸುತ್ತಿದ್ದವರು ಅತ್ತೆಯವರ ವಯಸ್ಸಿನ ಒಬ್ಬ ವಿಧವೆ. ಗಂಡ ಕಟ್ಟಿಸಿದ ಹೋಟೆಲು. ಗಂಡುಮಕ್ಕಳು ಬೊಂಬಾಯಿಯಲ್ಲಿ ಬೇರೆ ಹೋಟೆಲು ಇಟ್ಟುಕೊಂಡಿದ್ದರು, ಇತ್ತ ತಲೆಹಾಕುತ್ತಿರಲಿಲ್ಲ. ಲಾರಿಗಳು ನೇರ ಬೊಂಬಾಯಿಗೇ ಹೋಗುವಂತಾದ ಮೇಲೆ ಬಂದರಿಗೆ ಹಡಗು ಬರುವುದು ನಿಂತಿತ್ತು, ಅದರ ಜೊತೆ ವ್ಯಾಪಾರಿಗಳು ಬರುವುದೂ ನಿಂತಿತ್ತು. ಆಕೆ ನಮ್ಮನ್ನು ಕಂಡು ಗಾಬರಿಯಾದರು ಎಂದೇ ಹೇಳಬೇಕು. ಅಡಿಗೆಯವನು ಊರಿಗೆ ಹೋಗಿದ್ದಾನೆ, ಗಂಜಿ ಮತ್ತು ಪಲ್ಯ ಮಾಡಿಕೊಡುತ್ತೇನೆ, ಸಾಕಾ ಎಂದು ಕೇಳಿದರು. ಆ ಕುಚ್ಚಲಕ್ಕಿ ಗಂಜಿ ನಮ್ಮ ಯಾರ ಗಂಟಲಲ್ಲೂ ಇಳಿಯಲಿಲ್ಲ.

ಬೆಳಿಗ್ಗೆ ಎದ್ದರೆ ನೀರಿನ ತೊಂದರೆ. ನಲ್ಲಿಯಲ್ಲಿ ಬರುತ್ತಿದ್ದದ್ದು ಸವುಳು ನೀರು. ಅತ್ತೆಯವರಿಗೆ ದಿನವೂ ಲಿಂಗಪೂಜೆ ಆಗಬೇಕು, ಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಸಿಹಿನೀರಿನ ಬಾವಿ ಮೀನಿನ ಚಪ್ಪರ ದಾಟಿ ಆ ಕಡೆ ಇತ್ತು. ಯಜಮಾನರು ಬಸ್ಸಿನ ವೇಳೆ ವಿಚಾರಿಸಲು ಪೇಟೆಗೆ ಹೋಗಿದ್ದರು. ಅತ್ತೆಯವರ ಕೈಲಿ ಹೊರಿಸುವುದು ಹೇಗೆಂದು ನಾನೇ ಕೊಡ ತೆಗೆದುಕೊಂಡು ಹೋದೆ. ಬರುವಾಗ ಮರಳಿನಲ್ಲಿ ಕಾಲು ಹೂತು ನಡೆಯಲಾಗದೆ ಮೂರು ಕಡೆ ಕೊಡ ಇಳಿಸಿದೆ. ಮಧ್ಯಾಹ್ನ ನಾವು ತಂದಿದ್ದ ಸೀಮೆಎಣ್ಣೆ ಸ್ಟೌವ್ ಹಚ್ಚಿ ಕೋಣೆಯಲ್ಲೇ ಅನ್ನ ಸಾರು ಮಾಡಿದೆ. ಪಾತ್ರೆ ತೊಳೆದೆ. ಕೆಲಸ ಮಾಡಲು ಬಿಡಬೇಡಿ ಎಂದಿದ್ದ ಡಾಕ್ಟರು ನೆನಪಾದರು. ಊರಿನಲ್ಲಾದರೆ ನೀರು ಹಿತ್ತಲಲ್ಲೇ ಇತ್ತು.

ಸಂಜೆ ಮೂವರೂ ಸಮುದ್ರಕ್ಕೆ ಹೋದೆವು. ಅತ್ತೆಯವರು ಇಳಕಲ್ ಸೀರೆ ಉಟ್ಟಿದ್ದರು. ದಡದ ತುಂಬ ಹರಿದ ಬಲೆ, ಮೀನಿನ ತಲೆ, ಕಾಗೆ. ಕಾಲಿಡಲು ಚೊಕ್ಕ ಜಾಗ ಹುಡುಕುತ್ತಾ ಬಹಳ ದೂರ ನಡೆಯಬೇಕಾಯಿತು. ನನಗೆ ದಣಿವಾಗಿ ಒಂದು ಮುರುಕು ದೋಣಿಯ ಪಕ್ಕ ಕೂತುಬಿಟ್ಟೆ. ಅತ್ತೆಯವರು ನೆರಿಗೆ ಎತ್ತಿ ಹಿಡಿದು ನೀರಿಗೆ ಇಳಿದರು. ಒಂದು ಅಲೆ ಬಂದು ಮೊಣಕಾಲಿನವರೆಗೆ ನೆನೆಸಿತು. ಅವರು ಹಿಂದೆ ಸರಿಯಲಿಲ್ಲ. ಯಜಮಾನರು ಪಕ್ಕದಲ್ಲಿ ನಿಂತು, ಹೆಂಗೈತೆ ಅಮ್ಮ ಎಂದು ಕೇಳಿದರು. ದೊಡ್ಡದು ಎಂದಷ್ಟೇ ಹೇಳಿ ಅತ್ತೆಯವರು ತಿರುಗಿ ಬಂದರು. ಸೀರೆಯ ಅಂಚಿಗೆ ಮರಳು ಮೆತ್ತಿಕೊಂಡಿತ್ತು. ಅದನ್ನು ಕೊಡವುತ್ತಾ ನನ್ನ ಪಕ್ಕ ಕೂತರು.

ಯಜಮಾನರದು ಇನ್ನೊಂದು ಪಾಡು. ಹೋಟೆಲನ್ನು ಆರಿಸಿದ್ದು ತಾವು ಎಂಬ ಸಂಕೋಚಕ್ಕೆ ಅವರು ಎಲ್ಲವನ್ನೂ ಹೊಗಳಲು ಶುರುಮಾಡಿದ್ದರು. ಗಾಳಿ ಚೆನ್ನಾಗಿದೆ ಅಲ್ಲವಾ, ಜನ ಕಡಿಮೆ ಇರುವುದೇ ವಾಸಿ ಅಲ್ಲವಾ ಎಂದು ಕೇಳುತ್ತಿದ್ದರು. ಹೂಂ ಎನ್ನುವುದು ನನಗೂ ಬೇಸರವಾಯಿತು. ಅಪ್ಪ ಬರುತ್ತಿದ್ದಾಗ ಇದು ಅರಮನೆಯ ಹಾಗಿತ್ತು, ನೋಡಿಕೊಳ್ಳುವವರಿಲ್ಲದೆ ಹೀಗಾಗಿದೆ ಎಂದು ಪದೇ ಪದೇ ಹೇಳುತ್ತಿದ್ದರು.

ಮಾರನೆಯ ದಿನ ಮಧ್ಯಾಹ್ನ ನಾನೂ ಅತ್ತೆಯವರೂ ಕೆಳಗಿನ ಜಗಲಿಯಲ್ಲಿ ಕೂತಿದ್ದೆವು. ಹೋಟೆಲಿನ ಅಮ್ಮ ತೆಂಗಿನಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದರು. ಕೈ ಸುಮ್ಮನಿರದ ಅತ್ತೆಯವರೂ ಒಂದು ಹಿಡಿ ಗರಿ ಎಳೆದುಕೊಂಡರು. ಇಬ್ಬರೂ ಕೆಲಸ ಮಾಡುತ್ತಾ ಮಾತಿಗೆ ಬಿದ್ದರು. ಮಾತಿನ ನಡುವೆ ಅತ್ತೆಯವರು ನಮ್ಮ ಮಾವನವರ ಹೆಸರು ಹೇಳದೆ, ತಿಪಟೂರಿಂದ ಕೊಬ್ಬರಿ ತರುತ್ತಿದ್ದ ಎತ್ತರದ ಆಳು, ಕಿವಿಯಲ್ಲಿ ಚಿನ್ನದ ಒಂಟಿ ಇತ್ತು ಎಂದು ಗುರುತು ಹೇಳಿದರು. ಆಕೆಗೆ ತಕ್ಷಣ ನೆನಪಾಯಿತು. ಆ ಕಾಲದಲ್ಲಿ ಹೋಟೆಲು ಬಹಳ ಚೆನ್ನಾಗಿತ್ತಂತಲ್ಲ ಎಂದು ಅತ್ತೆಯವರು ಕೇಳಿದರು.

ಆಕೆ ಕತ್ತಿ ಕೆಳಗಿಟ್ಟು ನಕ್ಕರು. "ಯಾರು ಹೇಳಿದ್ದು? ಮೊದಲೂ ಹೀಗೇ ಇದ್ದದ್ದು. ಸುಣ್ಣ ಒಂದು ಬೆಳ್ಳಗಿತ್ತು, ಅಷ್ಟೇ. ಕಿಟಕಿ ಆಗಲೂ ಕಚ್ಚಿಕೊಳ್ಳುತ್ತಿತ್ತು. ಮೀನಿನ ಚಪ್ಪರ ಆಗಲೂ ಇತ್ತು."

ಹಾಗಾದರೆ ಅವರು ಇಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದರು ಅತ್ತೆಯವರು.

"ಮಲಗುದು," ಎಂದರು ಆಕೆ. "ಊಟ ಮಾಡಿ ಈ ಜಗಲಿಯಲ್ಲಿ ಮಲಗಿದರೆ ಹೊತ್ತು ಮುಳುಗುವವರೆಗೆ ಏಳುದಿಲ್ಲ. ಯಾರು ಬಂದರೂ ಎಬ್ಬಿಸಬೇಡಿ ಅಂತ ನಮ್ಮ ಯಜಮಾನರಿಗೆ ಹೇಳಿಟ್ಟಿದ್ದರು. ಹಡಗು ಬಂದು ಹೋದ ಮೇಲೂ ಒಂದೆರಡು ದಿನ ಹಾಗೇ ಇರುತ್ತಿದ್ದರು. ಪಾಪ, ತುಂಬಾ ಬಚ್ಚಿ ಸುಸ್ತಾದವರ ಹಾಗೆ ಕಾಣುತ್ತಿದ್ದರು."

ಅತ್ತೆಯವರು ಕೈಯಲ್ಲಿದ್ದ ಗರಿಯನ್ನು ಸೀಳಿದರು, ಇನ್ನೊಂದು ತೆಗೆದುಕೊಂಡರು. ಆಕೆ ಎದ್ದು ಒಳಗೆ ಹೋದ ಎಷ್ಟೋ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

"ಮನೇಲಿ ಅವರು ಹಗಲೊತ್ತು ಮಲಗಿದ್ದನ್ನ ನಾನು ಒಂದು ದಿನಾನೂ ನೋಡ್ಲಿಲ್ಲ ಕಣಮ್ಮ," ಎಂದರು. "ಮಂಡಿಯೋರು ಬರೋರು, ಆಳುಗಳು ಬರೋರು, ಅವರ ತಮ್ಮಂದಿರು ಬರೋರು. ಯಾರೂ ಇಲ್ದಿದ್ರೆ ನಾನೇ ಏನಾದ್ರೂ ಕೆಲಸ ಹೇಳೋಳು. ಇಂಥ ಜಾಗಾನ ಅರಮನೆ ಅನ್ಬೇಕಾದ್ರೆ ಮನೇಲಿ ಎಷ್ಟು ಸಾಕಾಗಿತ್ತೋ ಅವರಿಗೆ."

ಹಾಗೇನಿಲ್ಲ ಬಿಡಿ ಅತ್ತೆ ಎಂದೆ. ಕರೆದುಕೊಂಡು ಹೋಗುತ್ತೇನೆ ಎನ್ನುತ್ತಲೇ ಮಾವನವರು ಯಾಕೆ ಕರೆದುಕೊಂಡು ಬರಲಿಲ್ಲ ಎಂಬುದು ಈಗ ಅತ್ತೆಯವರಿಗೆ ತಿಳಿದಿತ್ತು. ನನಗೂ ತಿಳಿದಿತ್ತು. ಅತ್ತೆಯವರು ಗರಿಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. "ನೀನೂ ಇಲ್ಲೇ ಮಲಕ್ಕೋ. ಯಾರೂ ಎಬ್ಬಿಸಲ್ಲ," ಎಂದರು.

ಮಲಗಿದೆ. ನಿದ್ದೆ ಬರಲಿಲ್ಲ. ನೊಣಗಳ ಕಾಟ, ಮೀನಿನ ವಾಸನೆ, ಕೆಳಗೆ ಒರಟು ನೆಲ. ಆದರೂ ಅವರು ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದುದರಿಂದ ಏಳಲು ಮನಸ್ಸಾಗದೆ ಕಣ್ಣು ಮುಚ್ಚಿಕೊಂಡೇ ಇದ್ದೆ. ಮಾವನವರು ಹೀಗೆ ಮಲಗಿದ್ದಾಗ ಏನು ಯೋಚಿಸುತ್ತಿದ್ದರೋ ಅಂದುಕೊಂಡೆ. ಬಹುಶಃ ಏನೂ ಯೋಚಿಸದೆ ಇರಲಿಕ್ಕೇ ಬರುತ್ತಿದ್ದರೇನೋ.

ವಾರ ಇರೋಣ ಎಂದು ಹೋದವರು ಅರ್ಧಕ್ಕೇ ಹೊರಟೆವು. ಒದ್ದೆ ಹಾಸಿಗೆಯಲ್ಲಿ ಮಲಗಿ ನನಗೆ ಕೆಮ್ಮು ಹಿಡಿದಿತ್ತು. ಹೋಗೋಣ ಎಂದು ಮೊದಲು ಹೇಳಿದವರು ಯಜಮಾನರೇ. ಹೇಳುವಾಗ ಅವರು ತಾಯಿಯ ಮುಖ ನೋಡಲಿಲ್ಲ. ಅಪ್ಪ ಇದ್ದಾಗಿನ ಹಾಗಿಲ್ಲ, ಸುಮ್ಮನೆ ನಿಮ್ಮನ್ನು ದಣಿಸಿದೆ ಎಂದರು. ಜಗಲಿಯಲ್ಲಿ ಕೇಳಿದ್ದನ್ನು ಅತ್ತೆಯವರು ಆಗ ಹೇಳಬಹುದಿತ್ತು. ಹೇಳಲಿಲ್ಲ.

"ಬುಡಪ್ಪ, ನೀನೇನು ಮಾಡ್ತೀಯ. ಕಾಲ ಕಳೀತಾ ಎಲ್ಲಾ ಹಿಂಗೇ ಆಯ್ತದೆ," ಎಂದರು.

ಹೊರಡುವಾಗ ಹೋಟೆಲಿನ ಅಮ್ಮ ಹಲಸಿನ ಹಪ್ಪಳದ ಒಂದು ಕಟ್ಟು ಕೊಟ್ಟರು. ಕಿತ್ತುಬಂದ ಕಿಟಕಿಯ ಬಾಗಿಲಿಗಾಗಿ ಯಜಮಾನರು ಕ್ಷಮೆ ಕೇಳಿದರೆ, ಅದು ಮೊದಲೇ ಕಿತ್ತಿದ್ದು, ನಾನೇ ಸಿಕ್ಕಿಸಿಟ್ಟಿದ್ದೆ ಎಂದು ಹೇಳಿ ಒಳಗೆ ಹೋದರು.

ಹಾಸನ ಬರುವವರೆಗೆ ಅತ್ತೆಯವರು ನನ್ನ ಭುಜಕ್ಕೆ ತಲೆಯೊರಗಿಸಿ ನಿದ್ದೆ ಮಾಡಿದರು. ಅರಸೀಕೆರೆ ದಾಟಿ ನಮ್ಮ ಕಡೆಯ ತೋಟಗಳು ಶುರುವಾದಾಗ ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಮನೆಗೆ ಹೋದರೆ ತೊಳೆಯಬೇಕಾದ ಬಟ್ಟೆಗಳ ಲೆಕ್ಕ ಮನಸ್ಸಿನಲ್ಲಿ ಓಡುತ್ತಿತ್ತು.

ನನ್ನ ಜ್ವರ ಸಂಕ್ರಾಂತಿಯ ಹೊತ್ತಿಗೆ ತಾನಾಗಿ ಬಿಟ್ಟಿತು. ಸಮುದ್ರದ ಗಾಳಿಯಿಂದ ಎಂದು ಡಾಕ್ಟರು ಹೇಳಿದರು, ನಾವೂ ಸುಮ್ಮನಿದ್ದೆವು. ಊರಿನವರು ಹೋಟೆಲು ಹೇಗಿತ್ತು ಎಂದು ಕೇಳಿದರೆ ಯಜಮಾನರು ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದರು. ಅತ್ತೆಯವರು ಮಾತ್ರ, ಸಮುದ್ರ ನೋಡ್ದೆ, ಸಾಕು ಎಂದು ಮುಗಿಸುತ್ತಿದ್ದರು.

ಬೇಸಿಗೆ ಬಂದ ಮೇಲೆ ನಾನು ಒಂದನ್ನು ಗಮನಿಸಿದೆ. ಮೊದಲೆಲ್ಲ ಮಂಡಿಯಲ್ಲಿ ವ್ಯಾಪಾರ ಸ್ವಲ್ಪ ತಪ್ಪಿದರೂ, ನಿಮ್ಮಪ್ಪ ಆಗಿದ್ರೆ ಹಿಂಗೆ ಮಾಡ್ತಿರ್ಲಿಲ್ಲ ಎಂದು ಅತ್ತೆಯವರು ಮಗನಿಗೆ ಅನ್ನುತ್ತಿದ್ದರು. ಆ ಮಾತು ನಿಂತುಹೋಗಿತ್ತು. ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದು ಪಡಸಾಲೆಯಲ್ಲಿ ಅಡ್ಡಾದರೆ ಅವರು ಬಾಗಿಲಲ್ಲೇ ಕೂತಿರುತ್ತಿದ್ದರು. ಮಂಡಿಯಿಂದ ಯಾರಾದರೂ ಕರೆಯಲು ಬಂದರೆ, ಮಲಗವನೆ, ಆಮೇಲೆ ಬಾರಪ್ಪ ಎಂದು ಕಳಿಸುತ್ತಿದ್ದರು. ಯಜಮಾನರಿಗೆ ಅದರ ಕಾರಣ ಗೊತ್ತಿರಲಿಲ್ಲ. ವಯಸ್ಸಾಗ್ತಾ ಅಮ್ಮ ಮೆತ್ತಗಾಗಿದ್ದಾರೆ ಎಂದು ನನ್ನ ಹತ್ತಿರ ಹೇಳಿದರು. ಇರಬಹುದು ಎಂದೆ.