ಚಿತ್ತಯ್ಯ ಮೇಷ್ಟ್ರ ಕುರಿರೊಪ್ಪ

ದುರ್ಗದ ಕಾಲೇಜಿನಲ್ಲಿ ಚಿತ್ತಯ್ಯ ಮೇಷ್ಟ್ರ ಕ್ಲಾಸಿನಿಂದ ನಗು ಕೇಳಿದಾಗಲೆಲ್ಲ, ಪಕ್ಕದ ಕೋಣೆಯಲ್ಲಿ ಅದೇ ಗಣಿತ ಹೇಳುವ ಮುದ್ದಪ್ಪನವರಿಗೆ ಹೊಟ್ಟೆ ಉರಿಯುತ್ತಿತ್ತು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಚಿತ್ತಯ್ಯ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಭಾಷೆ ಕಲಿತು ಬಂದದ್ದೇ ತಡ, ಆಸಾಮಿ ಕಂಪ್ಯೂಟರೇ ಇಲ್ಲದ ಊರಲ್ಲಿ ಅದರ ಪಾಠ ಶುರುಮಾಡಿಬಿಟ್ಟಿದ್ದ. ಕಂಪ್ಯೂಟರಿಗೆ ಕೊಡುವ ಲೆಕ್ಕದ ಪಟ್ಟಿ ಅಂದರೆ ಕುರಿಹಿಂಡಂತೆ. ಒಂದು ಫಂಕ್ಷನ್ನು, ಅಂದರೆ ಲೆಕ್ಕ ಮಾಡುವ ಸೂತ್ರ, ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತ ಆಳಂತೆ, ಅವನಿಗೆ ಒಪ್ಪಿಸುವ ಕೆಲಸ ಇನ್ನೊಂದು ಫಂಕ್ಷನ್ನಂತೆ. “ಒಬ್ಬ ಆಳು ಹೇಳಿದ ಕೆಲ್ಸಾನ ಪ್ರತಿ ಕುರಿಗೂ ಮಾಡ್ತಾನೆ, ಇನ್ನೊಬ್ಬ ಹೇಳಿದಂಥ ಕುರೀನೇ ಆರಿಸಿ ಬಿಡ್ತಾನೆ. ಕೆಲ್ಸ ನೀವು ಹೇಳ್ರಿ, ಹಿಂಡಿನ ಚಿಂತೆ ಅವ್ರಿಗೆ ಬಿಡ್ರಿ.” ಕ್ಯಾಂಟೀನಿನಲ್ಲೂ ಅದೇ ವರಸೆ: “ತಣ್ಣಗಿರೋ ಇಡ್ಲಿ ತೆಗ್ದು, ಉಳಿದವಕ್ಕೆಲ್ಲ ಚಟ್ನಿ ಹಾಕಪ್ಪ.” ಕಾಮರ್ಸ್ ಹುಡುಗರೂ ಕಿಟಕಿ ಹತ್ತಿ ಕೂತು ಕೇಳುತ್ತಿದ್ದರು. ಮತ್ತೋಡು ಹಳ್ಳಿಯಲ್ಲಿ ಮುದ್ದಪ್ಪನವರ ಅಪ್ಪನ ರೊಪ್ಪಕ್ಕೂ ಅಂಥದೇ ಬಾಗಿಲಿತ್ತು, ಆದರೆ ಟೈ ಕಟ್ಟುವ ಮುದ್ದಪ್ಪನವರು ಅದನ್ನು ಯಾರಿಗೂ ಹೇಳಿದವರಲ್ಲ. ಒಂದು ದಿನ ಕ್ಲಾಸಿನಲ್ಲಿ ಯಾರೋ ಕೇಳಿದರು, “ಸಾರ್, ರೊಪ್ಪದಾಗೆ ಕುರೀನೇ ಇಲ್ದಿದ್ರೆ?” ಚಿತ್ತಯ್ಯನವರ ಸೀಮೆಸುಣ್ಣ ನಿಂತಿತು. “ಅದನ್ನೇ ಮೊದ್ಲು ಬರ್ಕಳ್ರಿ. ನಮ್ಮಪ್ಪನ ಹಿಂಡು ರೋಗ ಬಂದು ಪೂರ್ತಿ ಹೋದಾಗ ಬಾಗಿಲಾಗೆ ನಾನೇ ನಿಂತಿದ್ದೆ. ಖಾಲಿ ರೊಪ್ಪಕ್ಕೂ, ಖಾಲಿ ಪಟ್ಟಿಗೂ ಒಂದು ಉತ್ತರ ಇರ್ಬೇಕು.” ಯಾರೂ ನಗಲಿಲ್ಲ. ಗೋಡೆಯಾಚೆ ಟೈ ಸಡಿಲಿಸುತ್ತ ಕೂತಿದ್ದ ಮುದ್ದಪ್ಪನವರಿಗೆ, ಎಲ್ಲರೆದುರು ಹೇಳಿಕೊಳ್ಳಬಲ್ಲ ಆ ಖಾಲಿ ರೊಪ್ಪದ ಮೇಲೂ ಹೊಟ್ಟೆಕಿಚ್ಚಾಯಿತು.